ಹಸಿ ಬಣ್ಣದ ಗಳಿಗೆ: ಗಾಯ್ತೊಂಡೆಯವರ ಚಿತ್ರ ಆಗುವ ಬಗೆ

(ಮಂಗಳೂರಿನಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲನ್ನು ನೀವೆಲ್ಲ ನೋಡಿದ್ದೀರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಅಲ್ಲಿ ಬರೆದ ಫ್ರೆಸ್ಕೊ ಚಿತ್ರಗಳ ಎದುರು ನಿಂತಾಗ ನಮ್ಮ ಕಣ್ಣು ಹೋಗುವುದು ಸಂತರ ಮುಖದ ಕಡೆಗೆ, ಬಟ್ಟೆಯ ಮಡಿಕೆಗಳ ಕಡೆಗೆ. ಬರೆಯುವವನ ಕಣ್ಣು ಮಾತ್ರ ಗಾರೆಯ ಮೇಲೆಯೇ ಇರಬೇಕು. ಫ್ರೆಸ್ಕೊದ ಗುಟ್ಟು ಇಷ್ಟೆ: ಸುಣ್ಣದ ಗಾರೆ ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಕೂರಬೇಕು. ಗಾರೆ ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಬೇಗ ಬರೆದರೆ ಬಣ್ಣ ಕದಡುತ್ತದೆ, ತಡ ಮಾಡಿದರೆ ಪುಡಿಯಾಗಿ ಉದುರುತ್ತದೆ. ಅದಕ್ಕೇ ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಬಳಿಯುವುದು.

ಅಮೂರ್ತ ಚಿತ್ರದ ಮಾತನ್ನು ಚಾಪೆಲಿನಿಂದ ಶುರು ಮಾಡಿದ್ದಕ್ಕೆ ಕಾರಣ ಉಂಟು. ನಮ್ಮಲ್ಲಿ ಅಮೂರ್ತ ಎಂದ ಕೂಡಲೇ ಒಂದೋ "ಇದರ ಅರ್ಥ ಎಂತ?" ಎಂಬ ಪ್ರಶ್ನೆ, ಇಲ್ಲವೇ ಧ್ಯಾನ, ಮೌನ, ಶೂನ್ಯ ಎಂಬ ದೊಡ್ಡ ಶಬ್ದಗಳು. ಇವತ್ತು ಎರಡನ್ನೂ ಸ್ವಲ್ಪ ಬದಿಗಿಟ್ಟು, ಬಣ್ಣ ಹಸಿಯಿಂದ ಒಣಗುವವರೆಗಿನ ಹೊತ್ತಿನಲ್ಲಿ ಎಂತೆಂತ ಆಗುತ್ತದೆ ಎಂದು ನೋಡುವ. ವಾಸುದೇವ ಸಂತು ಗಾಯ್ತೊಂಡೆ ಎಂಬ ಚಿತ್ರಕಾರ ಸುಮಾರು ನಲ್ವತ್ತು ವರ್ಷ ದುಡಿದದ್ದು ಆ ಹೊತ್ತಿನೊಳಗೇ ಎಂದು ನನ್ನ ಅಭಿಪ್ರಾಯ.

ಹೆಸರು ಕೇಳಿದರೆ ಮಂಗಳೂರಿನ ರಥಬೀದಿಯ ಕೊಂಕಣಿ ಮಾತಿನವರಿಗೆ ಪರಿಚಯ ಹೇಳಬೇಕಾಗಿಲ್ಲ. ಮೂಲ ಗೋವಾ, ಹುಟ್ಟಿದ್ದು 1924ರಲ್ಲಿ ನಾಗಪುರದಲ್ಲಿ. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಿಂದ 1948ರಲ್ಲಿ ಡಿಪ್ಲೊಮಾ. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತದ್ದೂ, ಮುಂದೆ ಕಲಿಸಿದ್ದೂ ಅದೇ ಶಾಲೆಯಲ್ಲಿ. ಇಬ್ಬರೂ ಹಿಡಿದ ದಾರಿ ಮಾತ್ರ ಬೇರೆ. ಹೆಬ್ಬಾರರಿಗೆ ರೇಖೆಯೇ ಜೀವ, ಆ ರೇಖೆಯೊಳಗೆ ಮನುಷ್ಯ ಬೇಕು. ಗಾಯ್ತೊಂಡೆಯವರು ಮೊದಮೊದಲು ಭಾರತೀಯ ಮಿನಿಯೇಚರ್ (ಕಿರುಗಾತ್ರದ) ಚಿತ್ರಗಳ ಬಣ್ಣ, ಪೌಲ್ ಕ್ಲೇ ಎಂಬ ಸ್ವಿಸ್ ಚಿತ್ರಕಾರನ ರೇಖೆ ಇವುಗಳ ಜೊತೆ ಒಡನಾಡಿ, 1950ರ ದಶಕ ಮುಗಿಯುವ ಹೊತ್ತಿಗೆ ಆಕೃತಿಯನ್ನೇ ಬಿಟ್ಟರು. 1950ರಲ್ಲಿ ಮುಂಬಯಿಯ ಆಧುನಿಕ ಚಿತ್ರಕಾರರ ಕೂಟವಾದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿಗೆ ಕರೆ ಬಂತು, 1957ರಲ್ಲಿ ಟೋಕಿಯೊದಲ್ಲಿ ಏಷ್ಯಾದ ಯುವ ಕಲಾವಿದರ ಪ್ರಶಸ್ತಿ, 1964ರಲ್ಲಿ ರಾಕ್‌ಫೆಲ್ಲರ್ ಫೆಲೋಶಿಪ್ ಮೇಲೆ ನ್ಯೂಯಾರ್ಕ್, 1971ರಲ್ಲಿ ಪದ್ಮಶ್ರೀ, ಆಮೇಲೆ ದೆಹಲಿಯ ನಿಜಾಮುದ್ದೀನ್. ತೀರಿಕೊಂಡದ್ದು 2001ರಲ್ಲಿ. 2013ರ ಡಿಸೆಂಬರಿನಲ್ಲಿ ಮುಂಬಯಿಯ ಹರಾಜಿನಲ್ಲಿ ಅವರ 1979ರ ಒಂದು ಕ್ಯಾನ್‌ವಾಸು 23.7 ಕೋಟಿಗೆ ಹೋಯಿತು. ಪತ್ರಿಕೆಗಳು ಅವರನ್ನು ದೊಡ್ಡ ಅಕ್ಷರದಲ್ಲಿ ಬರೆದದ್ದು ಆ ಮೇಲೆಯೇ, ಅದನ್ನು ಇಲ್ಲಿಗೆ ಬಿಡುವ.

ನಮಗೆ ಬೇಕಾದ ಜೀವನಚರಿತ್ರೆ ಬೇರೆ ಉಂಟು, ಅದು ಕೈಯಲ್ಲಿದ್ದ ಹತ್ಯಾರುಗಳದ್ದು. ಮೊದಲು ಕುಂಚ. 1960ರ ದಶಕದ ಆರಂಭಕ್ಕೆ ಕುಂಚ ಹಿಂದೆ ಸರಿದು ರೋಲರ್ ಮತ್ತು ಪ್ಯಾಲೆಟ್ ನೈಫ್ (ಬಣ್ಣ ಕಲಸುವ, ಸವರುವ ಚಪ್ಪಟೆ ಚಾಕು) ಮುಂದೆ ಬಂದವು. ಆಮೇಲೆ ಹರಿದ ಕಾಗದ: ಪತ್ರಿಕೆಯ, ಮ್ಯಾಗಜೀನಿನ ತುಂಡುಗಳನ್ನು ಬಣ್ಣದ ಮೇಲೆ ಕೂರಿಸಿ ಎಬ್ಬಿಸುವುದು. 1984ರಲ್ಲಿ ವಾಹನ ಅಪಘಾತವಾಗಿ ದೊಡ್ಡ ಕ್ಯಾನ್‌ವಾಸಿನ ಕೆಲಸ ದೇಹಕ್ಕೆ ಆಗದೆ ಹೋದಾಗ ಸಣ್ಣ ಕಾಗದದ ಮೇಲೆ ಶಾಯಿ. ಮತ್ತೆ ಕ್ಯಾನ್‌ವಾಸು. ಅಮೆರಿಕಕ್ಕೆ ಹೋಗಿ ಬಂದು ಹೀಗಾದರು ಎಂದು ಬರೆಯುವವರು ಇಸವಿ ನೋಡಬೇಕು. ರೋಲರ್ ಕೈಗೆ ಬಂದದ್ದು ಆ ಪ್ರಯಾಣಕ್ಕೆ ಮೊದಲೇ.

ಇನ್ನೊಂದು ಸಣ್ಣ ಬದಲಾವಣೆಗೆ ನಾನು ಬಹಳ ಬೆಲೆ ಕೊಡುತ್ತೇನೆ. 60ರ ದಶಕದ ಮೊದಲ ಅರ್ಧದ ಅಡ್ಡ ಕ್ಯಾನ್‌ವಾಸುಗಳಲ್ಲಿ ಎಷ್ಟು ಬೇಡವೆಂದರೂ ಕಡಲು ಕಾಣುತ್ತದೆ. ಅಡ್ಡ ಚೌಕಟ್ಟಿನಲ್ಲಿ ಒಂದು ಅಡ್ಡ ಪಟ್ಟಿ ಬಂತೆಂದರೆ ಪಣಂಬೂರಿನಲ್ಲಿ ನಿಂತ ಹಾಗೆ, ಕಣ್ಣು ತಾನಾಗಿಯೇ ದಿಗಂತ ಎಂದು ಓದಿಬಿಡುತ್ತದೆ. ಆ ದಶಕದ ಕೊನೆಗೆ ಅವರು ಕ್ಯಾನ್‌ವಾಸನ್ನು ಉದ್ದಕ್ಕೆ ನಿಲ್ಲಿಸಿದರು, ಐದಾರು ಅಡಿ ಎತ್ತರ, ಮೂರು ಅಡಿ ಚಿಲ್ಲರೆ ಅಗಲ. ಆಗ ದಿಗಂತ ಕಳಚಿಕೊಂಡಿತು. ಬಣ್ಣ ಮೇಲಿಂದ ಕೆಳಕ್ಕೆ ಇಳಿಯುತ್ತದೋ ಕೆಳಗಿಂದ ಹೊಮ್ಮುತ್ತದೋ ಎಂಬ ಹೊಸ ಗೊಂದಲ ಬಂತು. ತಮ್ಮ ಕೆಲಸಕ್ಕೆ ಅವರು ಅಮೂರ್ತ ಎಂಬ ಹೆಸರನ್ನು ಒಪ್ಪುತ್ತಿರಲಿಲ್ಲ, ವಸ್ತುರಹಿತ ಎನ್ನುತ್ತಿದ್ದರು. ಅಮೂರ್ತ ಎಂದರೆ ಯಾವುದೋ ಮೂರ್ತದಿಂದ ಸೋಸಿ ತೆಗೆದದ್ದು ಎಂದಾಗುತ್ತದಲ್ಲ, ಇಲ್ಲಿ ಸೋಸಲು ವಸ್ತುವೇ ಇಲ್ಲ.

ಈಗ ಮೇಜಿನ ಹತ್ತಿರ ಬನ್ನಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿಂದ ಮುಂದೆ ಕೊಡುವ ಅಳತೆ, ಅನುಪಾತಗಳು ಗಾಯ್ತೊಂಡೆಯವರ ಪಾಕಪಟ್ಟಿ ಅಲ್ಲ. ಅವರ ದಾರಿಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕರಾವಳಿಯ ಹವೆಗೆ ಹೊಂದಿಸಿಕೊಂಡ ಅಭ್ಯಾಸ.

ಕಲಿಯುವವರು ಕ್ಯಾನ್‌ವಾಸಿನಿಂದ ಶುರು ಮಾಡಬೇಡಿ. ರೋಲರಿಗೆ ನುಣುಪು ಬೇಕು. ದಪ್ಪ ನೇಯ್ಗೆಯ ಬಟ್ಟೆಯ ಮೇಲೆ ರೋಲರ್ ಓಡಿಸಿದರೆ ಎಳೆಯ ನೆತ್ತಿಗೆ ಮಾತ್ರ ಬಣ್ಣ ತಾಗಿ ಇಡೀ ಚಿತ್ರ ಗೋಣಿಚೀಲದಂತೆ ಕಾಣುತ್ತದೆ. 18ಕ್ಕೆ 24 ಇಂಚಿನ, 6 ಮಿ.ಮೀ. ಪ್ಲೈವುಡ್ ತಗೊಳ್ಳಿ. ಆಕ್ರಿಲಿಕ್ ಪ್ರೈಮರ್ ಮೂರು ಕೋಟ್, ಒಂದು ಅಡ್ಡಕ್ಕೆ, ಮುಂದಿನದು ಉದ್ದಕ್ಕೆ. ಪ್ರತಿ ಕೋಟ್ ಒಣಗಿದ ಮೇಲೆ 220 ನಂಬರಿನ ಪಾಲಿಶ್ ಕಾಗದದಲ್ಲಿ ಹಗುರಾಗಿ ಉಜ್ಜಿ. ಹಿಂಬದಿಗೂ ಎರಡು ಕೋಟ್ ಕೊಡಲೇಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹಿಂಬದಿ ಮಾತ್ರ ತೇವ ಹೀರಿ ಹಲಗೆ ಹಪ್ಪಳದ ಹಾಗೆ ಬಾಗುತ್ತದೆ. ಯುರೋಪಿನ ಪುಸ್ತಕಗಳಲ್ಲಿ ಹೇಳುವ ಮೊಲದ ಚರ್ಮದ ಅಂಟು ನಮ್ಮೂರಿಗೆ ಬೇಡ. ಜುಲೈ ತಿಂಗಳಲ್ಲಿ ಇಲ್ಲಿ ಗಾಳಿಯ ತೇವಾಂಶ ಶೇಕಡ 85ನ್ನು ದಾಟುತ್ತದೆ. ಆ ಅಂಟು ತೇವ ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಮೇಲಿನ ಬಣ್ಣ ಅದರ ಜೊತೆ ಎಳೆದಾಡಿ ಬಿರಿಯುತ್ತದೆ. ಬೂಷ್ಟಿಗೂ ಅದು ಒಳ್ಳೆಯ ಊಟ.

ಮೊದಲ ಪದರ ತೆಳು. ರಾ ಅಂಬರ್ ಎಂಬ ಕಂದು ಮಣ್ಣಿನ ಬಣ್ಣಕ್ಕೆ ಟರ್ಪೆಂಟೈನ್ ಸೇರಿಸಿ ತಿಳಿ ಮಜ್ಜಿಗೆಯ ಹದಕ್ಕೆ ತಂದು ಬಟ್ಟೆಯಲ್ಲಿ ಒರೆಸಿಬಿಡಿ. ಅಂಬರನ್ನೇ ಆರಿಸುವುದು ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ. ಅದು ಎಣ್ಣೆಯನ್ನು ಬೇಗ ಗಟ್ಟಿ ಮಾಡುತ್ತದೆ, ಬೇಸಗೆಯಲ್ಲಿ ಮರುದಿನಕ್ಕೆ ಕೈಗೆ ಅಂಟುವುದಿಲ್ಲ. ಒಂದು ಸಂಗತಿ ನೆನಪಿರಲಿ: ಎಣ್ಣೆಬಣ್ಣ ಬಟ್ಟೆ ಒಣಗಿದ ಹಾಗೆ ಒಣಗುವುದಲ್ಲ. ಆವಿಯಾಗುವುದು ಟರ್ಪೆಂಟೈನ್ ಮಾತ್ರ. ಅಗಸೆಎಣ್ಣೆ ಗಾಳಿಯ ಆಮ್ಲಜನಕವನ್ನು ಒಳಗೆ ತೆಗೆದುಕೊಂಡು ಹೆಪ್ಪುಗಟ್ಟುತ್ತದೆ. ಹಾಗಾಗಿ ಮಳೆ ಎಂದು ಕಿಟಕಿ ಮುಚ್ಚಿ ಕತ್ತಲೆ ಮಾಡಿದರೆ ಬಣ್ಣ ಇನ್ನಷ್ಟು ತಡವಾಗುತ್ತದೆ, ಹಳದಿಗೂ ತಿರುಗುತ್ತದೆ. ಗಾಳಿ, ಬೆಳಕು ಎರಡೂ ಬೇಕು. ಹಂಚಿನ ಮಾಡಿನ ಕೆಳಗೆ ಫ್ಯಾನು ಹಾಕಿಟ್ಟ ಕೋಣೆಯೇ ವಾಸಿ.

ಎರಡನೆಯ ಪದರಕ್ಕೆ ರೋಲರ್. ಅಚ್ಚುಕಲೆಯವರು ಬಳಸುವ ನಾಲ್ಕು ಇಂಚಿನ ರಬ್ಬರ್ ರೋಲರ್, ಬಣ್ಣ ಹರಡಲು ಒಂದು ಅಡಿ ಚೌಕದ ಗಾಜು. ಈ ಹಲಗೆಯ ಒಂದು ಪದರಕ್ಕೆ 8ರಿಂದ 10 ಮಿ.ಲೀ. ಬಣ್ಣ ಸಾಕು, ಅಂದರೆ 40 ಮಿ.ಲೀ. ಟ್ಯೂಬಿನ ಕಾಲುಭಾಗ. ಎಲ್ಲರೂ ಮಾಡುವ ಮೊದಲ ತಪ್ಪು ಇದರ ಮೂರು ಪಾಲು ಹಾಕುವುದು. ಹದ ಗೊತ್ತಾಗಲು ಕಣ್ಣಿಗಿಂತ ಕಿವಿ ಮೇಲು. ಗಾಜಿನ ಮೇಲೆ ಬಣ್ಣ ಹೆಚ್ಚಿದ್ದರೆ ರೋಲರ್ ಕೆಸರಲ್ಲಿ ಕಾಲು ಕಿತ್ತ ಹಾಗೆ ಪಚಪಚ ಅನ್ನುತ್ತದೆ. ಸರಿಯಾಗಿ ಹರಡಿದಾಗ ಸಣ್ಣಗೆ, ಒಂದೇ ಸಮನೆ ಚಿರ್ರ್ ಎನ್ನುವ ಸದ್ದು, ಕಾದ ಎಣ್ಣೆಗೆ ಸಂಡಿಗೆ ಬಿಟ್ಟ ಹಾಗೆ. ಆ ಸದ್ದು ಬರುವವರೆಗೆ ಗಾಜಿನಿಂದ ಹಲಗೆಗೆ ಹೋಗಬೇಡಿ. ಸದ್ದೇ ಬರುವುದಿಲ್ಲ, ರೋಲರ್ ಜಾರುತ್ತದೆ ಎಂದಾದರೆ ಎಣ್ಣೆ ಹೆಚ್ಚಾಗಿದೆ. ಬಣ್ಣವನ್ನು ಅರ್ಧ ಗಂಟೆ ಹಳೆಯ ಪತ್ರಿಕೆಯ ಮೇಲಿಟ್ಟರೆ ಕಾಗದ ಹೆಚ್ಚಿನ ಎಣ್ಣೆ ಹೀರಿಕೊಳ್ಳುತ್ತದೆ.

ಇಲ್ಲಿ ಕೈಗೆ ಎರಡು ಗಳಿಗೆ ಸಿಗುತ್ತದೆ. ರೋಲರ್ ಎಳೆದ ಒಂದು ಗಂಟೆಯೊಳಗೆ ಬಣ್ಣ ಬೆಣ್ಣೆಯಂತೆ. ಆಗ ಕಾಗದ ಇಟ್ಟು ತೆಗೆದರೆ ಹೆಚ್ಚುಕಡಿಮೆ ಎಲ್ಲವೂ ಎದ್ದು ಬರುತ್ತದೆ, ಕೆಳಗಿನ ಪದರ ಬೆತ್ತಲಾಗುತ್ತದೆ. ಎರಡನೆಯದು ಬಣ್ಣ ಹಲಸಿನ ಮೇಣದ ಹದಕ್ಕೆ ಬಂದಾಗ. ಬೆರಳು ಇಟ್ಟರೆ ಅಂಟುತ್ತದೆ, ಆದರೆ ಬೆರಳಿಗೆ ಬಣ್ಣ ಬರುವುದಿಲ್ಲ. ಅಂಬರಿನಂಥದ್ದಕ್ಕೆ ಇದು ಮರುದಿನ ಬೆಳಿಗ್ಗೆ, ಟೈಟಾನಿಯಂ ವೈಟಿಗೆ ಮೂರನೆಯ ದಿನ, ಅಲಿಜರಿನ್ ಕೆಂಪಿಗೆ ವಾರವೂ ಆದೀತು. ಮಳೆ ಜೋರಿರುವ ಆಟಿ ತಿಂಗಳಲ್ಲಿ ಇದಕ್ಕೆ ಇನ್ನೂ ಒಂದೆರಡು ದಿನ ಸೇರಿಸಿಕೊಳ್ಳಿ. ಈ ಎರಡನೆಯ ಗಳಿಗೆಯಲ್ಲಿ ಕಾಗದ ಅರ್ಧಂಬರ್ಧ ಎಬ್ಬಿಸುತ್ತದೆ, ಅಲ್ಲಲ್ಲಿ ಬಿಡುತ್ತದೆ. ಗಾಯ್ತೊಂಡೆಯವರ ಮೇಲ್ಮೈಯಲ್ಲಿ ಕಾಣುವ ಆ ಸವೆದ, ಹಳೆ ಗೋಡೆಯಂತಹ, ಲಿಪಿಯೋ ಅಲ್ಲವೋ ಎಂಬ ಗುರುತುಗಳನ್ನು ಹತ್ತಿರ ಹೋಗಿ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಅವು ಬರೆದ ಗುರುತುಗಳಲ್ಲ, ಎಬ್ಬಿಸುವಾಗ ಉಳಿದುಕೊಂಡವು.

ಕಾಗದದ ವಿಷಯಕ್ಕೆ ಸ್ವಲ್ಪ ನಿಲ್ಲುವ. ಕತ್ತರಿಸಬೇಡಿ, ಹರಿಯಿರಿ. ಕತ್ತರಿಯ ಅಂಚು ಬಣ್ಣದಲ್ಲಿ ಚಾಕುವಿನ ಗೀರಿನ ಹಾಗೆ ಎದ್ದು ಕಾಣುತ್ತದೆ, ಹರಿದ ಅಂಚಿನ ನಾರು ಬಣ್ಣವನ್ನು ಮೆತ್ತಗೆ ಮುಗಿಸುತ್ತದೆ. ಪತ್ರಿಕೆಯ ಕಾಗದ ಎಣ್ಣೆ ಹೀರುತ್ತದೆ, ಹಾಗಾಗಿ ಅದು ತಾಗಿದ ಜಾಗ ಮಂಕಾಗುತ್ತದೆ. ಇವತ್ತಿನ ಪತ್ರಿಕೆ ಬೇಡ, ಅದರ ಶಾಯಿ ಬಣ್ಣಕ್ಕೆ ಇಳಿಯುತ್ತದೆ. ನಾಲ್ಕಾರು ತಿಂಗಳು ಹಳತು ಆಗಬಹುದು. ಮ್ಯಾಗಜೀನಿನ ನುಣುಪು ಹಾಳೆ ಎಣ್ಣೆ ಹೀರುವುದಿಲ್ಲ, ಆದ್ದರಿಂದ ಅದು ತೆಗೆಯುವುದಕ್ಕಿಂತ ಕೊಡುವುದಕ್ಕೆ ಒಳ್ಳೆಯದು: ಹಾಳೆಯ ಮೇಲೆ ರೋಲರಿನಿಂದ ಬಣ್ಣ ಹಚ್ಚಿ, ಮಗುಚಿ ಹಲಗೆಯ ಮೇಲಿಟ್ಟು, ಚಮಚದ ಬೆನ್ನಿನಿಂದ ಉಜ್ಜಿ ಎಬ್ಬಿಸಿದರೆ ಅಚ್ಚು ಬೀಳುತ್ತದೆ. ಹೆಚ್ಚಿನ ಬಣ್ಣವನ್ನು ಕಾಗದದಿಂದ ಒತ್ತಿ ತೆಗೆಯುವ ಪದ್ಧತಿ ಇಂಗ್ಲೆಂಡಿನ ಹೆನ್ರಿ ಟಾಂಕ್ಸ್ ಎಂಬ ಮೇಷ್ಟ್ರು ಸ್ಲೇಡ್ ಶಾಲೆಯಲ್ಲಿ ಕಲಿಸುತ್ತಿದ್ದದ್ದು, ಅಲ್ಲಿ ಅದು ತಪ್ಪು ತಿದ್ದುವ ಉಪಾಯ ಮಾತ್ರ. ಗಾಯ್ತೊಂಡೆಯವರಲ್ಲಿ ಆ ಕಾಗದವೇ ಕುಂಚದ ಜಾಗಕ್ಕೆ ಬಂತು.

ಎಬ್ಬಿಸುವ ಕೈಯೂ ಮುಖ್ಯ. ಕಾಗದವನ್ನು ಒಂದು ಮೂಲೆಯಿಂದ ಹಿಡಿದು, ಹಲಗೆಗೆ ಸಮೀಪವಾಗಿ ಬಾಗಿಸಿ, ನಿಧಾನಕ್ಕೆ ಎಳೆಯಿರಿ, ದೋಸೆಯ ಅಂಚು ಬಿಡಿಸುವ ಹಾಗೆ. ಆಗ ಕಾಗದಕ್ಕೂ ಬಣ್ಣಕ್ಕೂ ನಡುವೆ ಗಾಳಿ ನುಗ್ಗುತ್ತದೆ. ತೆಳುವಾದ ಗಾಳಿ ಗಟ್ಟಿ ಬಣ್ಣವನ್ನು ತಳ್ಳಿಕೊಂಡು ಹೋಗುವಾಗ ಸಮನಾಗಿ ಹೋಗುವುದಿಲ್ಲ, ಕವಲೊಡೆಯುತ್ತದೆ. ಹಲಗೆಯ ಮೇಲೆ ಜರಿಗಿಡದ ಎಲೆಯಂತೆ, ಸಣ್ಣ ಸಣ್ಣ ಕೊಂಬೆಗಳಂತೆ ಏಣುಗಳು ಏಳುತ್ತವೆ. ಬಣ್ಣ ದಪ್ಪವಿದ್ದರೆ ಕೊಂಬೆ ದಪ್ಪ, ತೆಳುವಿದ್ದರೆ ಕೂದಲೆಳೆ. ನಡುವೆ ಕೈ ತಡೆದರೆ ಅಲ್ಲೊಂದು ಗೆರೆ ನಿಂತುಬಿಡುತ್ತದೆ. ಇದನ್ನು ಆಕಸ್ಮಿಕ ಎಂದು ಕರೆಯುವವರಿಗೆ ಹತ್ತು ಕಾಗದ ಕೊಟ್ಟು ಎಬ್ಬಿಸಲು ಹೇಳಿ. ಹತ್ತನೆಯದರ ಹೊತ್ತಿಗೆ ಆಕಸ್ಮಿಕದ ಪಾಲು ಎಷ್ಟು, ಬಣ್ಣದ ದಪ್ಪದ ಪಾಲು ಎಷ್ಟು ಎಂದು ಅವರಿಗೇ ಗೊತ್ತಾಗುತ್ತದೆ.

ಮೂರನೆಯ ಪದರ ಹಾಕುವ ಮೊದಲು ಎರಡನೆಯದು ಪೂರ್ತಿ ಒಣಗಬೇಕು. ನಮ್ಮ ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷದವರು ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ (ಎದ್ದು ನಿಲ್ಲುವ ಚುಕ್ಕಿಗಳು) ಇಡುವುದನ್ನು ನೋಡಿ. ಒಂದು ಸುತ್ತು ಒಣಗದೆ ಅದರ ಮೇಲೆ ಇನ್ನೊಂದು ಸುತ್ತು ನಿಲ್ಲುವುದಿಲ್ಲ, ಅವಸರ ಮಾಡಿದರೆ ರಂಗಸ್ಥಳದಲ್ಲಿ ಉದುರುತ್ತದೆ. ಎಣ್ಣೆಬಣ್ಣದಲ್ಲಿ ಉದುರಲು ವರ್ಷಗಳು ಬೇಕು, ಅಷ್ಟೇ ವ್ಯತ್ಯಾಸ. ನಿಯಮ ಹಳತು: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಮೊದಲ ಪದರಕ್ಕೆ ಟರ್ಪೆಂಟೈನ್ ಮಾತ್ರ, ನಡುವಿನದಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಅಗಸೆಎಣ್ಣೆ, ಕೊನೆಯ ತೆಳು ಹೊದಿಕೆಗೆ ಸಮಸಮ. ಎಣ್ಣೆ ಹೆಚ್ಚಿದ್ದದ್ದು ಬಾಗುತ್ತದೆ, ಕಡಿಮೆ ಇದ್ದದ್ದು ಬಿರುಸು. ಬಿರುಸಾದದ್ದು ಮೇಲಿದ್ದು, ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಮೇಲಿನದು ಸೀಳದೆ ಬೇರೆ ಗತಿ ಇಲ್ಲ. ಇದೇ ಕಾರಣಕ್ಕೆ ನಿಧಾನಕ್ಕೆ ಒಣಗುವ ಅಲಿಜರಿನ್, ಐವರಿ ಬ್ಲ್ಯಾಕ್ ಕೆಳಗೆ ದಪ್ಪವಾಗಿ ಬೇಡ. ಜಿಂಕ್ ವೈಟ್ ವರ್ಷ ಕಳೆದಂತೆ ಗಾಜಿನ ಹಾಗೆ ಬಿರುಸಾಗಿ ಚಕ್ಕೆ ಏಳುತ್ತದೆ, ಪದರದ ಕೆಲಸಕ್ಕೆ ಅದನ್ನು ಪೂರ್ತಿ ಬಿಡುವುದೇ ಲೇಸು.

ಕೆಡುವುದು ಇನ್ನೂ ಕೆಲವು ಬಗೆಯಲ್ಲಿ. ಬಣ್ಣ ದಪ್ಪವಾಗಿ ನಿಂತಲ್ಲಿ ಹಾಲಿನ ಕೆನೆಯಂತೆ ಮೇಲೆ ಮಾತ್ರ ಒಣಗಿ ಸುಕ್ಕುಗಟ್ಟುತ್ತದೆ. ಅದಕ್ಕೆ ಔಷಧ ಇಲ್ಲ, ನೈಫಿನಲ್ಲಿ ಕೆರೆದು ತೆಗೆಯಬೇಕು. ಅಲ್ಲಲ್ಲಿ ಮಂಕಾದರೆ ಗಾಬರಿ ಬೇಡ, ಒಣಗಿದ ಮೇಲೆ ಅಗಸೆಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ಬಟ್ಟೆಯಲ್ಲಿ ತೆಳ್ಳಗೆ ಸವರಿ, ಹತ್ತು ನಿಮಿಷದಲ್ಲಿ ಒರೆಸಿಬಿಟ್ಟರೆ ಬಣ್ಣ ಮರಳುತ್ತದೆ. ವಾರ್ನಿಷಿಗೆ ಆರು ತಿಂಗಳಾದರೂ ಕಾಯಿರಿ, ಅದೂ ಡಿಸೆಂಬರ್-ಜನವರಿಯ ಒಣ ಹಗಲಿನಲ್ಲಿ. ಮಳೆಗಾಲದಲ್ಲಿ ದಾಮರ್ ವಾರ್ನಿಷ್ ಹಚ್ಚಿದರೆ ಬಿಳಿ ಮಂಜು ಕಟ್ಟುತ್ತದೆ. ಮತ್ತೆ ಒಂದು, ಇದು ಕಲೆಯ ಮಾತಲ್ಲ, ಜೀವದ ಮಾತು: ಅಗಸೆಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಹೆಪ್ಪುಗಟ್ಟುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತುತ್ತದೆ. ನೀರು ತುಂಬಿದ, ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಹಾಕಿ.

ಇಷ್ಟೆಲ್ಲ ಕಾಯುವಿಕೆಯನ್ನು ಲೆಕ್ಕ ಹಾಕಿ ನೋಡಿ. ನಾಲ್ಕೈದು ಪದರ, ಪ್ರತಿಯೊಂದಕ್ಕೂ ಒಂದು ವಾರದಿಂದ ಎರಡು ವಾರ, ನಡುವೆ ಒಂದೆರಡು ಸಲ ಎಲ್ಲವನ್ನೂ ಕೆರೆದು ಮತ್ತೆ ಮೊದಲಿಂದ. ಗಾಯ್ತೊಂಡೆಯವರು ವರ್ಷಕ್ಕೆ ಐದಾರು ಕ್ಯಾನ್‌ವಾಸು ಮಾತ್ರ ಮುಗಿಸುತ್ತಿದ್ದರು ಎಂಬುದನ್ನು ದೊಡ್ಡ ವೈರಾಗ್ಯದ ಗುರುತೆಂಬಂತೆ ಹೇಳುವುದುಂಟು. ಝೆನ್, ರಮಣ ಮಹರ್ಷಿ, ನಿಸರ್ಗದತ್ತ ಮಹಾರಾಜ್ ಇವರ ಕಡೆ ಅವರ ಒಲವಿದ್ದದ್ದು ನಿಜ, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅಗಸೆಎಣ್ಣೆಯ ವೇಗವೂ ಅಷ್ಟೇ ಅಲ್ಲವೇ ಮಾರಾಯ್ರೆ! ಅವರ ವಿಶೇಷ ಇರುವುದು ಆ ಕಡ್ಡಾಯದ ಬಿಡುವನ್ನು ನೋಡಲು ಬಳಸಿಕೊಂಡದ್ದರಲ್ಲಿ. ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯ 2014ರ ಅಕ್ಟೋಬರಿನಲ್ಲಿ ತೆರೆದ ಅವರ ದೊಡ್ಡ ಪ್ರದರ್ಶನಕ್ಕೆ ಚಿತ್ರವೇ ಪ್ರಕ್ರಿಯೆ, ಚಿತ್ರವೇ ಬದುಕು ಎಂಬ ಅರ್ಥದ ಹೆಸರು ಇಟ್ಟಿತ್ತು. ಆ ಹೆಸರಿನ ಮೊದಲರ್ಧ ಅರ್ಥವಾಗಬೇಕಾದರೆ ಒಮ್ಮೆಯಾದರೂ ರೋಲರ್ ಹಿಡಿಯಬೇಕು.

ಒಣಗುವ ದಿನಗಳಲ್ಲಿ ಮಾಡುವ ಕೆಲಸ ಇಷ್ಟು: ಹಲಗೆಯನ್ನು ಗೋಡೆಗೆ ನಿಲ್ಲಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಎದುರಿನ ಬೆಳಕಿನಲ್ಲಲ್ಲ, ಕಿಟಕಿಯ ಬದಿಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ. ಏಣು, ತಗ್ಗು, ಮಂಕು, ಹೊಳಪು ಎಲ್ಲ ಆಗ ಮಾತ್ರ ಕಾಣುತ್ತದೆ. ಮುಂದಿನ ಕಾಗದ ಎಲ್ಲಿ ಬೀಳಬೇಕು ಎಂದು ಅದೇ ಹೇಳುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ನೋಡುವುದರಿಂದ ಇದಾಗದು, ಪರದೆಯಲ್ಲಿ ಎಲ್ಲವೂ ಒಂದೇ ಹೊಳಪು.

ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಲೇಬೇಕು: "ಸರ್, ಇಂಥ ಚಿತ್ರದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಎಂದು ನೇತುಹಾಕುವವರಿಗೆ ಹೇಗೆ ಗೊತ್ತಾಗುವುದು?"

ಚಿತ್ರವನ್ನು ತಿರುಗಿಸಿದರೆ ಗೊತ್ತಾಗುತ್ತದೆ ಅಮ್ಮ. ಗಾಯ್ತೊಂಡೆಯವರ ಹೆಚ್ಚಿನ ಕ್ಯಾನ್‌ವಾಸುಗಳಿಗೆ ಹೆಸರಿಲ್ಲ, ಎದುರುಗಡೆ ಸಹಿಯೂ ಇರುವುದಿಲ್ಲ. ಸಹಿ, ಇಸವಿ ಇರುವುದು ಹಿಂಬದಿಯಲ್ಲಿ, ಎಷ್ಟೋ ಚಿತ್ರಗಳಲ್ಲಿ ದೇವನಾಗರಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಆ ಅಕ್ಷರ ಯಾವ ಕಡೆಗೆ ನೆಟ್ಟಗಿದೆಯೋ ಅದೇ ಮೇಲ್ಭಾಗ. ನೀವೂ ಹಾಗೆಯೇ ಹಿಂಬದಿಯಲ್ಲಿ ಬರೆದಿಡಿ, ಜೊತೆಗೆ ಪದರ ಹಾಕಿದ ತಾರೀಕುಗಳನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಮತ್ತೆ ಗೋಡೆಗೆ ತಾಗಿಸಿ ನೇತುಹಾಕಬೇಡಿ. ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಒಂದೊಂದು ದಪ್ಪ ಬಿರಡೆ ಅಂಟಿಸಿ, ಹಿಂದೆ ಗಾಳಿಯಾಡಲಿ. ಇಲ್ಲದಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಯ ತೇವ ಹತ್ತಿ ಆ ಬರಹದ ಮೇಲೆಯೇ ಬೂಷ್ಟು ಕೂತಿರುತ್ತದೆ.